ಅಳಿಸತಕ್ಕ ಗೆರೆ

ಸತ್ಯವನ್ನು ತಿಳಿಸುವುದಕ್ಕಾಗಿ, ಸತ್ಯವಲ್ಲದ ಒಂದನ್ನು ಮೊದಲು ಹೇಳಬಹುದೇ? ಹೇಳಿದರೆ ಅದನ್ನು ಯಾವಾಗ ಹಿಂದಕ್ಕೆ ತೆಗೆದುಕೊಳ್ಳತಕ್ಕದ್ದು? ಇದು ನಮ್ಮ ಶಾಸ್ತ್ರಕಾರರು ಬಹುಕಾಲದಿಂದ ವಿಚಾರಿಸಿರುವ ಪ್ರಶ್ನೆ. ಪಾಠಶಾಲೆಯಲ್ಲಿ ಓದುತ್ತಿದ್ದಾಗ ಇದು ನನಗೆ ವಾದಕ್ಕೆ ಒದಗುವ ಒಂದು ವಿಷಯ ಮಾತ್ರವಾಗಿತ್ತು. ಉದ್ಯೋಗದಿಂದ ನಿವೃತ್ತನಾದ ಮೇಲೆ, ಅರುವತ್ತನಾಲ್ಕನೆಯ ವಯಸ್ಸಿನಲ್ಲಿ, ಹಿತ್ತಲಿನ ದಾಸವಾಳದ ಗಿಡದ ಮುಂದೆ ಸೀಸದ ಕಡ್ಡಿಯನ್ನು ಹಿಡಿದು ಕುಳಿತಾಗ ಇದು ನನ್ನ ಸ್ವಂತ ಪ್ರಶ್ನೆಯಾಯಿತು. ಅದು ಹೇಗಾಯಿತೆಂಬುದನ್ನೂ, ಅದರಿಂದ ನನಗೆ ತಿಳಿದುಬಂದ ನನ್ನದೇ ಒಂದು ತಪ್ಪನ್ನೂ ವಾಚಕರ ಮುಂದೆ ಇಡಬೇಕೆಂದಿರುವೆನು.

ನಮ್ಮ ಊರಿನಲ್ಲಿ ನನ್ನಂತೆಯೇ ನಿವೃತ್ತರಾದ ಒಬ್ಬ ಚಿತ್ರದ ಮೇಷ್ಟರಿರುವರು. ಸಾಯಂಕಾಲ ನಮ್ಮ ಜಗುಲಿಗೆ ಬಂದು ಕುಳಿತು ಹೋಗುವುದು ಅವರ ವಾಡಿಕೆ. ಒಂದು ದಿನ ನಾನು, "ಮೇಷ್ಟ್ರೇ, ಜನ್ಮವೆಲ್ಲ ಹೂವನ್ನು ಕೊಯ್ದು ದೇವರಿಗೆ ಏರಿಸಿದೆ, ಒಂದು ಹೂವನ್ನು ಬರೆಯಲು ಮಾತ್ರ ಬಾರದು" ಎಂದೆನು. ಅವರು ಮರುದಿನವೇ ಒಂದು ಕಾಗದದ ಪುಸ್ತಕವನ್ನೂ ಎರಡು ಕಡ್ಡಿಗಳನ್ನೂ ತಂದು ಕೈಗಿತ್ತರು. ನಾನು ಗಿಡದ ಮುಂದೆ ಕುಳಿತು ಅರ್ಧ ಗಂಟೆ ಶ್ರಮಪಟ್ಟು ದಾಸವಾಳದ ಒಂದು ಹೂವನ್ನು ಬರೆದೆನು. ನಡುವೆ ಒಂದು ಬೊಟ್ಟು, ಸುತ್ತಲೂ ಸಮನಾದ ಐದು ಎಸಳು, ಕೆಳಗೆ ಒಂದು ತೊಟ್ಟು, ಅದರ ಎರಡು ಮಗ್ಗುಲಿಗೆ ಎರಡು ಎಲೆ. ಮೇಷ್ಟರು ನೋಡಿ ನಗಲಿಲ್ಲ. "ಶಾಸ್ತ್ರಿಗಳೇ, ಹೂವು ನಿಮ್ಮ ಕಡೆಗೆ ಮುಖ ಮಾಡಿಕೊಂಡಿದೆಯೆ?" ಎಂದು ಮಾತ್ರ ಕೇಳಿದರು. ನಾನು ತಲೆಯೆತ್ತಿ ನೋಡಿದೆನು. ಹೂವು ಬೇಲಿಯ ಕಡೆಗೆ ತಿರುಗಿತ್ತು. ಐದು ಎಸಳುಗಳಲ್ಲಿ ನನಗೆ ಪೂರ್ಣವಾಗಿ ಕಾಣುತ್ತಿದ್ದವು ಎರಡೇ. ಒಂದು ಅರ್ಧ ಮರೆಯಾಗಿತ್ತು. ಉಳಿದವುಗಳ ಅಂಚು ಮಾತ್ರ ತೋರುತ್ತಿತ್ತು. ಹೂವಿನ ಎದುರಿಗೇ ಕುಳಿತು, ಹೂವನ್ನು ನೋಡದೆ, ದಾಸವಾಳಕ್ಕೆ ಐದು ಎಸಳೆಂಬ ನನ್ನ ತಿಳಿವಳಿಕೆಯನ್ನು ನಾನು ಬರೆದಿದ್ದೆನು.

ಆಮೇಲೆ ಅವರು ಕಲಿಸಿದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು; ಏಕೆಂದರೆ ಮುಂದಿನ ವಿಚಾರವೆಲ್ಲ ಅದನ್ನೇ ಆಶ್ರಯಿಸಿದೆ. ಎಲೆಯನ್ನು ಬರೆಯುವವನು ಅಂಚಿನಿಂದ ತೊಡಗಬಾರದು. ಮೊದಲು ತೊಟ್ಟಿನಿಂದ ತುದಿಯವರೆಗೆ ನಡುನರದ ಓಟವನ್ನು ಒಂದೇ ಗೆರೆಯಲ್ಲಿ ಹಿಡಿಯಬೇಕು. ಅದು ಬಿಲ್ಲಿನಂತೆ ಬಾಗಿದೆಯೋ, ತುದಿಯಲ್ಲಿ ಮಾತ್ರ ಇಳಿದಿದೆಯೋ ಎಂಬುದು ಆ ಒಂದು ಗೆರೆಯಲ್ಲಿಯೇ ತೀರ್ಮಾನವಾಗಬೇಕು. ಅನಂತರ ಎಲೆಯು ಎಲ್ಲಿ ಅತ್ಯಂತ ಅಗಲವಾಗಿದೆಯೆಂದು ಅಡ್ಡಲಾಗಿ ಒಂದು ಸಣ್ಣ ಗುರುತು. ಎಲೆ ಓರೆಯಾಗಿದ್ದರೆ ನಡುನರದ ಈಚೆಯ ಭಾಗ ಅಗಲವಾಗಿಯೂ ಆಚೆಯ ಭಾಗ ಕಿರಿದಾಗಿಯೂ ತೋರುವುದರಿಂದ, ಆ ಗುರುತಿನ ಎರಡು ತುದಿಗಳು ನರದಿಂದ ಸಮದೂರದಲ್ಲಿರುವುದಿಲ್ಲ. ಎಲೆ ಮಡಿಸಿಕೊಂಡು ನಡುನರ ಮರೆಯಾದ ಕಡೆ, ಎಲೆಯು ಗಾಜಿನದೆಂದು ಭಾವಿಸಿ, ಕಾಣದ ಭಾಗದಲ್ಲಿಯೂ ಗೆರೆಯನ್ನು ಮುಂದುವರಿಸಿ, ಅದು ಮತ್ತೆ ಹೊರಕ್ಕೆ ಬರುವ ಸ್ಥಳವನ್ನು ಕಂಡುಕೊಳ್ಳಬೇಕು. ಇಷ್ಟಾದ ಮೇಲೆ ಹೊರಗಿನ ಅಂಚು. ಅದರ ಮೇಲೆ ಪಕ್ಕದ ನರಗಳು. ಅಂಚಿನ ಹಲ್ಲುಗಳು ಎಲ್ಲಕ್ಕೂ ಕಡೆಗೆ. ಹೊಸಬನು ಹಲ್ಲಿನಿಂದಲೇ ತೊಡಗುವನು. ಹಲ್ಲುಗಳೆಲ್ಲ ಸರಿಯಾಗಿ ಬಂದು ಎಲೆ ಮಾತ್ರ ತಪ್ಪಿರುವುದು.

ಹೂವಿಗೂ ಹೀಗೆಯೇ ಒಂದು ಕ್ರಮವುಂಟು. ಉಮ್ಮತ್ತಿಯ ಹೂವನ್ನು ಒಂದು ಶಂಕುವೆಂದು ಎಣಿಸಬೇಕು, ಸೂರ್ಯಕಾಂತಿಯನ್ನು ತಟ್ಟೆಯೆಂದು, ಅರೆಬಿರಿದ ದಾಸವಾಳವನ್ನು ಗಂಟೆಯೆಂದು. ಬಟ್ಟಲಿನ ಬಾಯಿ ದುಂಡಗಿದ್ದರೂ ಓರೆಯಿಂದ ನೋಡುವವನಿಗೆ ಅದು ದೀರ್ಘವೃತ್ತವಾಗಿ ತೋರುವುದಷ್ಟೆ. ಆ ದೀರ್ಘವೃತ್ತವನ್ನು ಮೊದಲು ಎಳೆದು, ಹೂವಿನ ಅಕ್ಷರೇಖೆಯು ಅದರ ಉದ್ದನೆಯ ವ್ಯಾಸಕ್ಕೆ ಲಂಬವಾಗಿ ಇಳಿದು ತೊಟ್ಟನ್ನು ಸೇರುವಂತೆ ನೋಡಿಕೊಳ್ಳಬೇಕು. ಈ ಒಂದು ಸಂಬಂಧ ತಪ್ಪಿದರೆ ಎಸಳುಗಳನ್ನು ಎಷ್ಟು ಅಂದವಾಗಿ ತೀಡಿದರೂ ಹೂವು ತೊಟ್ಟಿನಿಂದ ಮುರಿದುಬಿದ್ದಂತೆ ಕಾಣುವುದು. ದೀರ್ಘವೃತ್ತದೊಳಗೆ ಪಕ್ಕಕ್ಕೆ ಚಾಚಿದ ಎಸಳುಗಳು ಉದ್ದವಾಗಿಯೂ, ನಮ್ಮ ಕಡೆಗೂ ಆಚೆಯ ಕಡೆಗೂ ಚಾಚಿದವು ಮೋಟಾಗಿಯೂ ಬರಬೇಕು. ದಾಸವಾಳದಲ್ಲಿ ಪ್ರತಿಯೊಂದು ಎಸಳೂ ಒಂದು ಅಂಚಿನಿಂದ ನೆರೆಯದನ್ನು ಮುಚ್ಚಿ, ಇನ್ನೊಂದು ಅಂಚಿನಲ್ಲಿ ಮತ್ತೊಂದರ ಕೆಳಗೆ ಅಡಗಿರುವುದು. ನಲುವತ್ತು ವರ್ಷಗಳಿಗೂ ಮೇಲ್ಪಟ್ಟು ಪೂಜೆಗೆ ಆ ಹೂವನ್ನು ಕೊಯ್ದ ನಾನು ಇದನ್ನು ಕಂಡದ್ದು ಕಳೆದ ಕಾರ್ತೀಕದಲ್ಲಿ.

ಇಡೀ ಕೊಂಬೆಯನ್ನು ಬರೆಯುವಾಗ ಇನ್ನೊಂದು ವಿಷಯ ಎದುರಾಗುವುದು. ಎಲೆಗಳು ಕಾಂಡದ ಮೇಲೆ ಎಲ್ಲೆಂದರಲ್ಲಿ ಹುಟ್ಟತಕ್ಕವಲ್ಲ. ತುಳಸಿಯಲ್ಲಿ ಒಂದೊಂದು ಗೆಣ್ಣಿಗೂ ಎದುರುಬದುರಾಗಿ ಎರಡೆಲೆ. ಮೇಲಿನ ಜೋಡಿಯು ಕೆಳಗಿನ ಜೋಡಿಗೆ ಅಡ್ಡಲಾಗಿ ನಿಲ್ಲುವುದು. ಅದರ ಎಳೆಯ ಕಾಂಡವನ್ನು ಬೆರಳಿನಲ್ಲಿ ಹೊರಳಿಸಿದರೆ ನಾಲ್ಕು ಮೂಲೆಗಳು ತಿಳಿಯುವುವು. ಎಕ್ಕದಲ್ಲಿಯೂ ಜೋಡಿಗಳದು ಇದೇ ಕ್ರಮ. ಕಣಗಿಲೆಯಲ್ಲಿ ಸಾಮಾನ್ಯವಾಗಿ ಗೆಣ್ಣಿಗೆ ಮೂರು ಎಲೆ. ದಾಸವಾಳದಲ್ಲಿಯಾದರೋ ಗೆಣ್ಣಿಗೆ ಒಂದೇ ಎಲೆ; ಸುತ್ತಿಕೊಂಡು ಮೇಲಕ್ಕೆ ಹೋದರೆ, ಕಾಂಡವನ್ನು ಎರಡು ಸಾರಿ ಬಳಸಿದ ಮೇಲೆ, ಆರನೆಯ ಎಲೆಯು ಮೊದಲನೆಯದರ ನೇರಕ್ಕೆ ಬರುವುದೆಂದು ಸಸ್ಯಶಾಸ್ತ್ರದ ಪಾಠಪುಸ್ತಕಗಳು ಹೇಳುವುವು. ನಾನು ಇದನ್ನು ತಿಳಿದುಕೊಂಡು ಅತ್ಯುತ್ಸಾಹದಿಂದ ನಮ್ಮ ಹಿತ್ತಲಿನ ಕೊಂಬೆಯಲ್ಲಿ ಎಣಿಸಿದೆನು. ಆರನೆಯ ಎಲೆಯು ನೇರಕ್ಕೆ ಇರಲಿಲ್ಲ. ಕೊಂಬೆಯು ಬಿಸಿಲಿನ ಕಡೆಗೆ ತಿರುಚಿಕೊಂಡಿತ್ತು. ತೊಟ್ಟುಗಳು ತಮಗೆ ಬೇಕಾದಂತೆ ಹೊರಳಿದ್ದುವು. ಈ ನಿಯಮವನ್ನು ಅರಿಯದಿದ್ದರೆ ಕೊಂಬೆಯ ತಿರುಚನ್ನು ನಾನು ಗಮನಿಸುತ್ತಲೇ ಇರಲಿಲ್ಲ. ಪುಸ್ತಕದಲ್ಲಿದ್ದಂತೆಯೇ ಬರೆದುಬಿಟ್ಟಿದ್ದರೂ ಅದು ಕಾಗದಕ್ಕೆ ಬರುತ್ತಿರಲಿಲ್ಲ. ಈ ಎರಡು ವಾಕ್ಯಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಗಿಡದಲ್ಲಿ ಅಕ್ಷರೇಖೆ ಎಲ್ಲಿದೆ? ಹೂವಿನಲ್ಲಿ ದೀರ್ಘವೃತ್ತವನ್ನು ಯಾರು ಕಂಡಿರುವರು? ಗಾಜಿನ ಎಲೆ ಯಾವ ತೋಟದಲ್ಲಿ ಬೆಳೆಯುವುದು? ಇವೆಲ್ಲ ಕಲ್ಪಿತ. ಕಲ್ಪಿತವಾದುದರಿಂದ ಕಟ್ಟಿದುದು ಕೃತ್ರಿಮವೇ ಹೊರತು ಯಥಾರ್ಥವಾಗಲಾರದು.

ಈ ಆಕ್ಷೇಪಕ್ಕೆ ನನಗೆ ಸಮಾಧಾನ ದೊರೆತದ್ದು ನಾನು ಬಾಲ್ಯದಲ್ಲಿ ಉರು ಹೊಡೆದ ವ್ಯಾಕರಣದಲ್ಲಿಯೇ. 'ಮಾಡು' ಎಂಬರ್ಥದ ಧಾತುವನ್ನು ಪಾಣಿನಿಯ ಸಂಪ್ರದಾಯದಲ್ಲಿ ಡುಕೃಞ್ ಎಂದು ಪಠಿಸುವರು. ಲೋಕದಲ್ಲಿ ಯಾರೂ ಈ ಶಬ್ದವನ್ನು ಹೀಗೆ ನುಡಿಯುವುದಿಲ್ಲ. ಮೊದಲಿನ ಡುಕಾರಕ್ಕೂ ಕೊನೆಯ ಞಕಾರಕ್ಕೂ ಇತ್ ಎಂದು ಹೆಸರು. ಅವು ಲೋಪವಾಗಿ ಕೃ ಎಂಬುದಷ್ಟೇ ಉಳಿಯುವುದು. ಹಾಗಾದರೆ ಲೋಪವಾಗತಕ್ಕ ಅಕ್ಷರಗಳನ್ನು ಸೇರಿಸುವುದೇಕೆ? ಅವು ಅಳಿದರೂ ಅವುಗಳ ಕಾರ್ಯವು ಉಳಿಯುವುದರಿಂದ. ಞಕಾರದ ಬಲದಿಂದ ಈ ಧಾತುವು ಆತ್ಮನೇಪದ ಪರಸ್ಮೈಪದಗಳೆರಡರಲ್ಲಿಯೂ ನಡೆಯುವುದು. ಡುಕಾರದ ಬಲದಿಂದ ಒಂದು ವಿಶೇಷ ಪ್ರತ್ಯಯವು ಬಂದು ಶಬ್ದವೊಂದು ಸಿದ್ಧಿಸುವುದು. ಆ ಶಬ್ದವು ಯಾವುದೆಂದರೆ, ಪೂರ್ವಪಕ್ಷಿಯು ಈಗತಾನೆ ದೂಷಣೆಗಾಗಿ ಪ್ರಯೋಗಿಸಿದ 'ಕೃತ್ರಿಮ' ಎಂಬುದೇ. ಅಳಿಸಿದ ಗೆರೆಯು ಚಿತ್ರದಲ್ಲಿ ಇರುವ ರೀತಿಯೂ ಇದೇ. ಕಣ್ಣಿಗೆ ಅದು ತೋರುವುದಿಲ್ಲ. ಆದರೆ ಎಲೆಯು ತೊಟ್ಟಿಗೆ ಅಂಟಿಕೊಂಡಿದೆಯೆಂದು ನೋಡುವವನಿಗೆ ನಂಬಿಕೆ ಬರುವುದು ಅದರಿಂದಲೇ.

ವೇದಾಂತಿಗಳು ಇದನ್ನು ಅಧ್ಯಾರೋಪ ಮತ್ತು ಅಪವಾದವೆಂದು ಕರೆಯುವರು. ನಿಷ್ಪ್ರಪಂಚವಾದುದನ್ನು ತಿಳಿಸಲು ಅದರಲ್ಲಿ ಇಲ್ಲದ ಧರ್ಮವನ್ನು ಮೊದಲು ಆರೋಪಿಸಿ, ಶಿಷ್ಯನ ಬುದ್ಧಿಯು ಅಲ್ಲಿ ನಿಂತ ಮೇಲೆ ಆರೋಪಿಸಿದುದನ್ನು ತೆಗೆದುಹಾಕುವರು. ಮದುವೆಯ ಮನೆಯಲ್ಲಿ ಅರುಂಧತಿಯನ್ನು ತೋರಿಸುವ ಪುರೋಹಿತನು ಮೊದಲು ಸಮೀಪದ ದೊಡ್ಡ ನಕ್ಷತ್ರವನ್ನು ತೋರಿಸಿ, ಅನಂತರ "ಅದಲ್ಲ, ಅದರ ಪಕ್ಕದ್ದು" ಎನ್ನುವುದೂ ಇದೇ ನ್ಯಾಯದಿಂದ. ಪುರೋಹಿತನು ಸುಳ್ಳು ಹೇಳಿದನೆಂದು ಯಾವ ವಧುವೂ ಹೇಳಲಿಲ್ಲ. ಆದರೆ ಅವನು ದೊಡ್ಡ ನಕ್ಷತ್ರವನ್ನು ತೋರಿಸಿ ಅಷ್ಟಕ್ಕೇ ಮನೆಯೊಳಕ್ಕೆ ಹೋಗಿಬಿಟ್ಟರೆ ಅದು ಸುಳ್ಳೇ ಆಗುವುದು. ಆರೋಪವು ದೋಷವಲ್ಲ, ಅಪವಾದವನ್ನು ಮಾಡದೆ ಬಿಡುವುದು ದೋಷ.

ಇದಕ್ಕೆ ವಿರುದ್ಧವಾದ ಇನ್ನೊಂದು ಪಕ್ಷವುಂಟು. ಆಂಗ್ಲ ವಿಮರ್ಶಕನಾದ ಜಾನ್ ರಸ್ಕಿನ್ನನು ಚಿತ್ರ ಬರೆಯುವುದರ ಮೂಲಾಂಶಗಳನ್ನು ಕುರಿತು 1857ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಚಿತ್ರಕಾರನು ತಾನು ತಿಳಿದುದನ್ನು ಮರೆತು, ಮಗುವಿನ ಕಣ್ಣಿನಂತೆ, ಬಣ್ಣದ ಮಚ್ಚೆಗಳನ್ನು ಮಾತ್ರ ಕಾಣುವ ಶಕ್ತಿಯನ್ನು ಮರಳಿ ಪಡೆಯಬೇಕೆಂದು ವಾದಿಸಿರುವನು. ಬೇಲಿಯ ಕಡೆಗೆ ತಿರುಗಿದ ಹೂವಿಗೆ ಐದು ಎಸಳನ್ನು ಬರೆದ ನನಗೆ ಈ ಮಾತು ಚುಚ್ಚಿದಂತಾಯಿತು. ಹಾಗಾದರೆ ನಿಯಮಗಳನ್ನೆಲ್ಲ ಬಿಟ್ಟು ಬರಿಯ ಕಣ್ಣಿನಿಂದಲೇ ನೋಡಬಾರದೇಕೆ? ನೋಡಬಹುದು, ಆದರೆ ಅರುವತ್ತು ವರ್ಷ ಬಳಸಿದ ಕಣ್ಣು ಬರಿಯದಾಗುವುದು ಎಂತು? ನಿಯಮವನ್ನು ಬಿಟ್ಟೆನೆನ್ನುವವನಲ್ಲಿ ಅಭ್ಯಾಸವೆಂಬ ನಿಯಮವು ಅವನಿಗೆ ತಿಳಿಯದಂತೆಯೇ ಕೆಲಸಮಾಡುತ್ತಿರುವುದು. ಎಳೆದ ಗೆರೆಯನ್ನು ಅಳಿಸಬಹುದು. ಎಳೆದಿರುವೆನೆಂದು ಅರಿಯದ ಗೆರೆಯನ್ನು ಅಳಿಸುವುದು ಹೇಗೆ? ರಸ್ಕಿನ್ನನೂ ಅದೇ ಗ್ರಂಥದಲ್ಲಿ ಮರ ಮೊದಲಾದವುಗಳನ್ನು ಬರೆಯುವಾಗ ಅವುಗಳನ್ನು ಆಳುವ ಮುಖ್ಯರೇಖೆಗಳನ್ನು ಮೊದಲು ಹಿಡಿಯಬೇಕೆಂದು ಉಪದೇಶಿಸಿರುವನು.

ಇಷ್ಟರವರೆಗೆ ವಿಚಾರವು ನನಗೆ ಸುಖವಾಗಿಯೇ ಇತ್ತು. ಒಂದು ದಿನ ಬೆಳಗ್ಗೆ ದಾಸವಾಳದ ಒಂದು ಎಲೆಯು ನೇರವಾಗಿ ನನ್ನ ಮುಖದ ಕಡೆಗೆ ತುದಿಯನ್ನು ಚಾಚಿತ್ತು. ಕ್ರಮದಂತೆ ನಡುನರವನ್ನು ಅಳೆದರೆ, ಬೆರಳಿನಷ್ಟು ಉದ್ದದ ಎಲೆಯು ಉಗುರಿನಷ್ಟು ಮೋಟಾಗಿ ಬಂದಿತು. ಅಗಲವು ಉದ್ದಕ್ಕಿಂತ ಹೆಚ್ಚಾಗಿತ್ತು. ಎಲೆಯೆನ್ನುವುದಕ್ಕೇ ನಾಚಿಕೆಯಾಗುವಂತಹ ಆಕಾರ. ಆದರೂ ಅದೇ ಸರಿ. ಕಡ್ಡಿಯನ್ನು ಕೆಳಗಿಟ್ಟೆನು. ಆ ಆಕಾರವನ್ನು ನಾನು ಹಿಂದೆ ಒಂದು ಸಾರಿ ಕಂಡಿದ್ದೆನು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಾನು ಸಂಸ್ಕೃತದ ಉಪಾಧ್ಯಾಯನಾಗಿದ್ದ ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರು ಕೆಲವು ತಿಂಗಳು ರಜೆಯಲ್ಲಿದ್ದುದರಿಂದ ಅವರ ತರಗತಿಯನ್ನೂ ನಾನೇ ನೋಡಿಕೊಳ್ಳಬೇಕಾಯಿತು. ಎಲೆಯ ಭಾಗಗಳನ್ನು ಬರೆದು ಗುರುತಿಸಬೇಕೆಂದು ಹುಡುಗರಿಗೆ ಹೇಳಿದೆನು. ಎಲ್ಲರೂ ಪುಸ್ತಕವನ್ನು ತೆರೆದು ಅದರಲ್ಲಿದ್ದ ಎಲೆಯನ್ನು ಬರೆದರು. ಒಬ್ಬ ಹುಡುಗನು ಮಾತ್ರ ಕಿಟಕಿಯ ಹೊರಗಿದ್ದ ಗಿಡವನ್ನು ನೋಡಿ ಬರೆದನು. ಅವನ ಎಲೆಯು ಮೋಟಾಗಿ, ಅಗಲವಾಗಿ, ಒಂದು ಕಡೆ ಹುಳು ತಿಂದು ತೂತಾಗಿತ್ತು. "ಎಲೆ ಹೀಗಿರುತ್ತದೇನೋ?" ಎಂದು ಕೇಳಿದೆನು. "ಇಲ್ಲಿಂದ ಹಂಗೇ ಕಾಣ್ತದೆ ಸಾರ್" ಎಂದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನೆಂದು ನೆನಪು. ಕೆಂಪು ಶಾಯಿಯಿಂದ ಆ ಚಿತ್ರದ ಮೇಲೆ ಅಡ್ಡಗೆರೆ ಎಳೆದು, ಪುಸ್ತಕದಲ್ಲಿರುವುದನ್ನು ಐದು ಸಾರಿ ಬರೆದು ತರುವಂತೆ ಆಜ್ಞಾಪಿಸಿದೆನು. ಮರುದಿನ ಬರೆದು ತಂದನು. ಐದೂ ಪುಸ್ತಕದಲ್ಲಿದ್ದಂತೆಯೇ ಇದ್ದುವು. ಆ ವರ್ಷ ಅವನು ಮತ್ತೆ ಕಿಟಕಿಯ ಕಡೆಗೆ ನೋಡಿ ಬರೆದುದನ್ನು ನಾನು ಕಾಣಲಿಲ್ಲ. ನಲುವತ್ತು ಪುಸ್ತಕಗಳಲ್ಲಿ ಒಂದೇ ಎಲೆ ಇದ್ದುದನ್ನು ನೋಡಿ, ಚೆನ್ನಾಗಿ ಕಲಿಸಿದೆನೆಂದು ಸಂತೋಷಪಟ್ಟೆನು.

ನನ್ನ ಪರವಾಗಿ ಹೇಳತಕ್ಕ ಮಾತು ಇಲ್ಲದಿಲ್ಲ. ಎಲೆಯ ಭಾಗಗಳನ್ನು ಗುರುತಿಸುವುದೇ ಅಂದಿನ ಪಾಠವಾಗಿತ್ತು. ಅದಕ್ಕೆ ಎಲ್ಲ ಭಾಗಗಳೂ ಕಾಣುವ ಎಲೆಯೇ ಬೇಕು. ಸಸ್ಯಶಾಸ್ತ್ರಕ್ಕಾಗಿ ಬರೆಯುವ ಚಿತ್ರಗಳ ಧರ್ಮವೂ ಅದೇ. ಅಲ್ಲಿ ಒಂದು ಗಿಡದ ಮೂಲಕ ಇಡೀ ಜಾತಿಯು ತಿಳಿಯಬೇಕು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡೆಯು ಮಲಬಾರಿನ ಸಸ್ಯಗಳನ್ನು ಕುರಿತು ಸಿದ್ಧಪಡಿಸಿದ, 1678ರಿಂದ 1693ರವರೆಗೆ 12 ಸಂಪುಟಗಳಾಗಿ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಗ್ರಂಥದ ಚಿತ್ರಗಳ ಉದ್ದೇಶವು ಇಂತಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು ಪ್ರಾಂತದ ವೈದ್ಯನಾದ ರಾಬರ್ಟ್ ವೈಟನಿಗಾಗಿ ರುಂಗಯ್ಯ, ಗೋವಿಂದು ಎಂಬ ಚಿತ್ರಕಾರರು ಬರೆದುಕೊಟ್ಟ ಚಿತ್ರಗಳೂ ಹೀಗೆಯೇ. ವೈಟನು ಒಂದು ಸೀತಾಳೆಯ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟನು. ಆದರೆ ಇವರಾರೂ ಹಿಂದಿನ ಪುಸ್ತಕವನ್ನು ನೋಡಿ ಮುಂದಿನ ಪುಸ್ತಕಕ್ಕೆ ಎಲೆಯನ್ನು ಬರೆದವರಲ್ಲ. ಗಿಡವನ್ನು ಕಣ್ಣೆದುರಿಗೆ ಇಟ್ಟುಕೊಂಡು ಬರೆದವರು. 1840ರ ದಶಕದಲ್ಲಿ ನಮ್ಮ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನನು ದಿನಕ್ಕೆ ಒಂದು ಗಿಡವನ್ನು ಪರೀಕ್ಷಿಸುವ ನಿಯಮವನ್ನು ಇಟ್ಟುಕೊಂಡು, ಮರಾಠಿ ಚಿತ್ರಕಾರನೊಬ್ಬನಿಂದ ಅವುಗಳನ್ನು ಬರೆಯಿಸಿದನು. ಅವನ ಸಂಗ್ರಹವು ಇಂದು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿದೆ. ದಿನಕ್ಕೊಂದು ಗಿಡವನ್ನು ನೋಡಿದವರಿಗೆ ಜಾತಿಯ ಲಕ್ಷಣವನ್ನು ಬರೆಯುವ ಅಧಿಕಾರವುಂಟು. ನಾನು ಆ ತಿಂಗಳುಗಳಲ್ಲಿ ಒಂದು ಗಿಡವನ್ನೂ ನೋಡಿರಲಿಲ್ಲ. ನೋಡಿದ್ದವನು ಆ ಹುಡುಗನೊಬ್ಬನೇ.

ಆ ಹುಡುಗನ ಚಿತ್ರವು ಸರ್ವಥಾ ನಿರ್ದೋಷವಾಗಿತ್ತೆಂದು ನಾನು ಈಗ ಹೇಳುವುದಿಲ್ಲ, ಪಶ್ಚಾತ್ತಾಪದಿಂದ ಸುಳ್ಳಾಡಬಾರದು. ನನಗೆ ನೆನಪಿರುವಷ್ಟರಲ್ಲಿ ಅವನ ಎಲೆಯು ತೊಟ್ಟಿಗೆ ಸೇರಿರಲಿಲ್ಲ, ಗಾಳಿಯಲ್ಲಿ ನಿಂತಿತ್ತು. ಅವನಿಗೆ ಕಣ್ಣಿತ್ತು, ಕಂಡುದನ್ನು ಕಟ್ಟುವ ಕ್ರಮವು ತಿಳಿದಿರಲಿಲ್ಲ. ನಡುನರದ ಒಂದು ಗೆರೆಯನ್ನು ಹೇಳಿಕೊಡುವವರು ಪಕ್ಕದಲ್ಲಿದ್ದಿದ್ದರೆ ಸಾಕಾಗಿತ್ತು. ನನ್ನ ಬಳಿ ನಿಯಮವಿತ್ತು. ಅವನ ಬಳಿ ಎಲೆಯಿತ್ತು. ನಿಯಮದಿಂದ ಎಲೆಗೆ ನೆರವಾಗುವುದರ ಬದಲು, ನಾನು ನಿಯಮದಿಂದ ಎಲೆಯನ್ನು ಹೊಡೆದುಹಾಕಿದೆನು.

ಯಶೋಧರನು ಕಾಮಸೂತ್ರದ ವ್ಯಾಖ್ಯಾನದಲ್ಲಿ ಚಿತ್ರಕ್ಕೆ ಆರು ಅಂಗಗಳನ್ನು ಹೇಳುವಾಗ ಪ್ರಮಾಣವನ್ನೂ ಸಾದೃಶ್ಯವನ್ನೂ ಬೇರೆ ಬೇರೆಯಾಗಿ ಎಣಿಸಿರುವನು. ಒಂದು ಇನ್ನೊಂದರಲ್ಲಿ ಅಡಗುವುದಾಗಿದ್ದರೆ ಐದೇ ಅಂಗಗಳನ್ನು ಹೇಳಬಹುದಾಗಿತ್ತು. ಅಳತೆಯು ಸರಿಯಾಗಿದ್ದ ಮಾತ್ರಕ್ಕೆ ಹೋಲಿಕೆ ಬಾರದು. ಹೋಲಿಕೆಯನ್ನು ಮಾತ್ರ ಬೆನ್ನಟ್ಟಿದರೆ ಅಳತೆಯು ಕೆಡುವುದು. ಎರಡೂ ಪರಸ್ಪರ ತಿದ್ದಬೇಕು.

ಹಾಗಾದರೆ ನಿಯಮವನ್ನು ಕಲಿಸುವವನ ಧರ್ಮವೇನು? ಚಿತ್ರದ ಮೇಷ್ಟರು ಮೊದಲನೆಯ ದಿನವೇ ನನಗೆ ಹೇಳಿದ, ನಾನು ಬಹುದಿನ ಅಲಕ್ಷ್ಯ ಮಾಡಿದ ಒಂದು ಸಣ್ಣ ಸೂಚನೆಯಲ್ಲಿ ಅದು ಅಡಗಿದೆ: "ಮೊದಲಿನ ಗೆರೆಗಳನ್ನು ತೆಳ್ಳಗೆ ಎಳೆಯಿರಿ, ಶಾಸ್ತ್ರಿಗಳೇ, ಕಡ್ಡಿಯನ್ನು ಒತ್ತಬೇಡಿ." ಒತ್ತಿ ಎಳೆದ ಗೆರೆಯು ರಬ್ಬರಿಗೆ ಹೋಗುವುದಿಲ್ಲ. ಕಪ್ಪು ಹೋದರೂ ಕಾಗದದಲ್ಲಿ ತಗ್ಗು ನಿಲ್ಲುವುದು. ಆಮೇಲೆ ಎಳೆದ ಸರಿಯಾದ ಗೆರೆಯೂ ಆ ತಗ್ಗಿಗೇ ಜಾರುವುದು. ಮಕ್ಕಳಿಗೆ ಹೇಳುವ ನಿಯಮವೂ, ಮನೆಯಲ್ಲಿ ಹಿರಿಯರು ಹಾಕುವ ಕಟ್ಟಳೆಯೂ, ಮನುಷ್ಯರನ್ನು ಕುರಿತು ನಾವು ಮಾಡಿಕೊಳ್ಳುವ ಮೊದಲ ಊಹೆಯೂ ಹೀಗೆಯೇ. ಅವು ಇಲ್ಲದೆ ನಡೆಯದು. ಆದರೆ ಎಳೆಯುವಾಗಲೇ, ಇದನ್ನು ಅಳಿಸಬೇಕಾಗಬಹುದು ಎಂಬ ಎಚ್ಚರವು ಕೈಯಲ್ಲಿರಬೇಕು. ಎಳೆದ ಮೇಲೆ ತಲೆಯೆತ್ತಿ ವಸ್ತುವನ್ನು ನೋಡಬೇಕು. ಗೆರೆಗೂ ವಸ್ತುವಿಗೂ ಹೊಂದದಿದ್ದರೆ ಗೆರೆಯನ್ನೇ ತಿದ್ದಬೇಕು. ಹೊಂದಿದರೂ, ಕೆಲಸ ಮುಗಿದ ಮೇಲೆ ಅದು ಮರೆಯಾಗಬೇಕು. ಅಂಗಳದ ರಂಗವಲ್ಲಿಯಲ್ಲಿ ಚುಕ್ಕಿಗಳು ಉಳಿದರೆ ಶೋಭೆ. ಎಲೆಯ ಚಿತ್ರದಲ್ಲಿ ಅವು ಉಳಿದರೆ ಎಲೆಯೇ ಕಾಣದು.

ನಾನು ಮೂವತ್ತೈದು ವರ್ಷ ಪಾಠ ಹೇಳಿದವನು. ಆ ಕಾಲದಲ್ಲಿ ಎಷ್ಟು ಗೆರೆಗಳನ್ನು ಒತ್ತಿ ಎಳೆದೆನೋ, ಎಷ್ಟು ಕಾಗದಗಳಲ್ಲಿ ತಗ್ಗು ಉಳಿದಿದೆಯೋ ತಿಳಿಯುವ ಉಪಾಯವಿಲ್ಲ. ಆ ಹುಡುಗನು ಈಗ ಎಲ್ಲಿರುವನೋ ಅರಿಯೆನು. ಅರಿತಿದ್ದರೂ ಈ ಮಾತನ್ನು ಅವನೆದುರು ಹೇಳುವುದು ಸುಲಭವಲ್ಲ. ಉಪಾಧ್ಯಾಯ ವೃತ್ತಿಯಲ್ಲಿರುವ ಕಿರಿಯರು ಯಾರಾದರೂ ಈ ಪುಟವನ್ನು ಓದುವುದಾದರೆ, ತರಗತಿಯಲ್ಲಿ ಎಲ್ಲರಂತಲ್ಲದ ಒಂದು ಎಲೆಯನ್ನು ಕಂಡಾಗ, ಕೆಂಪು ಶಾಯಿಯನ್ನು ತೆಗೆಯುವ ಮೊದಲು ಆ ಹುಡುಗನ ಸ್ಥಳದಲ್ಲಿ ಒಂದು ಗಳಿಗೆ ಕುಳಿತು ಕಿಟಕಿಯ ಹೊರಗೆ ನೋಡಬೇಕೆಂದು ಅವರಲ್ಲಿ ನನ್ನ ವಿಜ್ಞಾಪನೆ.

ಅಂದು ಕೆಳಗಿಟ್ಟ ಕಡ್ಡಿಯನ್ನು ಮತ್ತೆ ತೆಗೆದುಕೊಂಡು ಆ ಮೋಟು ಎಲೆಯನ್ನು ಬರೆದು ಮುಗಿಸಿದೆನು. ಅದರಲ್ಲಿಯೂ ಹುಳು ತಿಂದ ಒಂದು ತೂತಿತ್ತು. ಅದನ್ನೂ ಬಿಡದೆ ಬರೆದೆನು. ಸಾಯಂಕಾಲ ಮೇಷ್ಟರು ಬಂದು ನೋಡಿ, "ಇದು ನಿಮ್ಮ ಹಿತ್ತಲಿನದೇ" ಎಂದರು. ಯಾವ ಎಲೆಯೆಂದು ಗಿಡದಲ್ಲಿ ಹುಡುಕಿ ತೋರಿಸಿದರು.